ಸಾಗರದಲ್ಲಿ ಬಿಟ್ಟುಕೊಟ್ಟ ಕುದುರೆ

ಯಾರು ಏನು ಕೇಳಿದರೂ ನನ್ನ ಬಾಯಿಂದ ಮೊದಲು ಹೊರಡುವ ಮಾತು "ಆಯ್ತು ಬಿಡ್ರಿ". ಮೊನ್ನೆ ಇಲ್ಲೇ ಸಾಗರದಲ್ಲಿ ಹಲ್ಲಿನ ಡಾಕ್ಟರು ಬಾಯೊಳಗೆ ದೀಪ ಹಾಕಿ ನೋಡಿ, "ಇದನ್ನ ತೆಗೆದುಬಿಡೋಣ್ವಾ ಅಮ್ಮಾ?" ಅಂದರು. ಆಯ್ತು ಬಿಡ್ರಿ ಅಂದೆ. ಯಾವುದನ್ನು ಎಂದು ಕೇಳಬೇಕೆಂದು ನೆನಪಾಗುವಷ್ಟರಲ್ಲಿ ಅದು ಸ್ಟೀಲ್ ತಟ್ಟೆಯಲ್ಲಿ ಟಣ್ ಅಂದಿತು. ಮನೆಗೆ ಬಂದು ಹತ್ತಿ ಕಚ್ಚಿಕೊಂಡು ಕೂತೆ. ಮಾತಾಡುವ ಹಾಗಿರಲಿಲ್ಲ. ಮಾತಾಡದೆ ಕೂತರೆ ನನಗೆ ಹಳೆಯದೆಲ್ಲ ನೆನಪಾಗುತ್ತದೆ. ಹಾಗಾಗಿ ಇದನ್ನೆಲ್ಲ ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ. ಬೇಸರವಾದರೆ ಬೈಗುಳ ಆ ಡಾಕ್ಟರಿಗೆ ಸೇರಲಿ.

ಈ ಚಾಳಿ ಇಂದು ನಿನ್ನೆಯದಲ್ಲ. ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲಿ, ಮಂಡಕ್ಕಿ ಭಟ್ಟಿಗಳ ಹೊಗೆ ಒಣಹಾಕಿದ ಬಟ್ಟೆಗೆಲ್ಲ ಹತ್ತುವ ಒಂದು ಓಣಿಯಲ್ಲಿ. ಮನೆ ತುಂಬ ಮಕ್ಕಳು. ನಾನು ಹಿರಿಯವಳೂ ಅಲ್ಲ, ಕಿರಿಯವಳೂ ಅಲ್ಲ. ಅಂದರೆ ಯಾವ ಜಗಳದಲ್ಲೂ ನನಗೆ ಸ್ವಂತದ್ದೊಂದು ಪಕ್ಷ ಇರಲಿಲ್ಲ. ಸಂಜೆ ಅಪ್ಪ ಪೇಪರಿನಲ್ಲಿ ಕಟ್ಟಿಸಿಕೊಂಡು ಮಂಡಕ್ಕಿ ಮಿರ್ಚಿ ತರುತ್ತಿದ್ದ. ಮಂಡಕ್ಕಿ ಎಲ್ಲರಿಗೂ ಸಾಕಾಗುತ್ತಿತ್ತು, ಮಿರ್ಚಿ ಸಾಕಾಗುತ್ತಿರಲಿಲ್ಲ. ಅಣ್ಣನೂ ತಂಗಿಯೂ ಜುಟ್ಟು ಹಿಡಿದುಕೊಂಡರೆ ನಾನು ನನ್ನ ಪಾಲಿನದನ್ನು ಮುರಿದು ಇಬ್ಬರಿಗೂ ಕೊಟ್ಟು ಜಗಳ ಮುಗಿಸುತ್ತಿದ್ದೆ. "ನಮ್ಮ ಗಿರಿಜಾ ಬಂಗಾರ ಐತಿ" ಎಂದು ಅವ್ವ ಓಣಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಬಂಗಾರಕ್ಕೆ ಮಿರ್ಚಿ ಯಾಕೆ ಬೇಕು ಎಂದು ಮನೆಯಲ್ಲಿ ಎಲ್ಲರೂ ತೀರ್ಮಾನಿಸಿಬಿಟ್ಟರು.

ಮುಂದೆ ಕರೆಂಟ್ ಆಫೀಸಿನಲ್ಲಿ ನೌಕರಿ ಸಿಕ್ಕಿತು. ಮೇಲಿನವರು ನನ್ನ ಮುಖ ನೋಡಿದ್ದೇ ತಡ, ದೂರು ಕೇಳುವ ಕೌಂಟರಿನಲ್ಲಿ ಕೂರಿಸಿದರು. ಕರೆಂಟು ಹೋದವರು, ಬಿಲ್ಲು ಜಾಸ್ತಿ ಬಂದವರು, ಮನೆಯಲ್ಲಿ ಹೆಂಡತಿಯ ಮೇಲೆ ಬಂದ ಸಿಟ್ಟನ್ನು ಟ್ರಾನ್ಸ್‌ಫಾರ್ಮರಿನ ಮೇಲೆ ತೀರಿಸಿಕೊಳ್ಳಲು ಬಂದವರು, ಎಲ್ಲರಿಗೂ ನಾನು "ನಿಮ್ದೇ ಸರಿ ಐತ್ರಿ, ಆಯ್ತು ಬಿಡ್ರಿ" ಅನ್ನುತ್ತಿದ್ದೆ. ಕರೆಂಟು ಬರುತ್ತಿತ್ತೋ ಬಿಡುತ್ತಿತ್ತೋ, ಜನ ಮಾತ್ರ ತಣ್ಣಗಾಗಿ ಮನೆಗೆ ಹೋಗುತ್ತಿದ್ದರು. ನಿವೃತ್ತಿಯ ದಿನ ದೊಡ್ಡ ಶಾಲು ಹೊದಿಸಿ ಫೋಟೋ ತೆಗೆದರು.

ಅದಾದ ಸ್ವಲ್ಪ ದಿನಕ್ಕೆ ನಮ್ಮವರು ಊಟದ ತಟ್ಟೆಯ ಮುಂದೆ ಕೂತು, "ಈ ಊರು ಸಾಕು. ಸಾಗರದ ಕಡೆ ಹೋಗಿ ಇರಾಣ" ಅಂದರು. ಆಯ್ತು ಬಿಡ್ರಿ ಅಂದೆ. ಹೀಗೆ ನಾವು ಊರು ಬಿಡುವ ವಿಷಯ ಮಜ್ಜಿಗೆ ಬಡಿಸುವ ಮೊದಲೇ ಇತ್ಯರ್ಥವಾಯಿತು.

ನಮ್ಮವರ ಬಗ್ಗೆ ಎರಡು ಮಾತು ಹೇಳಬೇಕು. ಕಾಲೇಜಿನಲ್ಲಿ ಜೀವಮಾನವಿಡೀ ಗಣಿತ ಹೇಳಿಕೊಟ್ಟವರು. ಕೆಲಸದಲ್ಲಿದ್ದಾಗ ಒಂದು ನಾಟಕಕ್ಕೂ ಹೋದವರಲ್ಲ, ಟಿಕೆಟ್ ದಂಡ ಅನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಅವರಿಗೆ ಇದ್ದಕ್ಕಿದ್ದಂತೆ ಸಂಸ್ಕೃತಿಯ ಹಸಿವು ಹತ್ತಿಕೊಂಡಿತು. ಮೊಬೈಲ್ ಹಿಡಿದು ಮಲಗಿದರೆ ಕೆಳದಿಯ ಅರಸರು, ಇಕ್ಕೇರಿಯ ದೇವಸ್ಥಾನ, ಗಂಧದ ಕೆತ್ತನೆ, ಯಕ್ಷಗಾನ, ನಾಟಕ. "ನಮ್ಮೂರಾಗೆ ಏನೈತಿ? ದೋಸೆ ಐತಿ, ಧೂಳು ಐತಿ. ಅಲ್ಲಿ ನೋಡ್ರಿ, ಕಲ್ಲು ಕಲ್ಲಿಗೂ ಇತಿಹಾಸ ಐತಿ" ಎಂದು ನೆಂಟರನ್ನೆಲ್ಲ ಕೂರಿಸಿಕೊಂಡು ಭಾಷಣ ಮಾಡಿದರು. ನೆಂಟರು ಬೆಣ್ಣೆ ದೋಸೆ ತಿನ್ನುತ್ತಲೇ ತಲೆದೂಗಿದರು.

ಬಾಡಿಗೆ ಮನೆ ಹುಡುಕುತ್ತ ಮೊದಲು ತೀರ್ಥಹಳ್ಳಿಗೆ ಹೋದೆವು. ಮನೆಯ ಯಜಮಾನರು ಬಾಗಿಲಲ್ಲೇ ಬೆಲ್ಲ ನೀರು ಕೊಟ್ಟರು, ಒಳಗೆ ಕರೆದು ಕಾಫಿ ಕೊಟ್ಟರು, ಹೊತ್ತಾಯಿತೆಂದು ಊಟ ಹಾಕಿದರು, ಕವಲೇದುರ್ಗದ ಇತಿಹಾಸ ಹೇಳಿದರು, ತುಂಗೆಗೆ ಈ ಸಲ ಎಷ್ಟು ನೀರು ಬಂದಿತ್ತೆಂದು ಹೇಳಿದರು. ಮನೆಯ ಮಾತು ಎತ್ತಿದಾಗಲೆಲ್ಲ "ನೋಡುವಾ" ಅಂದರು. ನಾವು ದಾವಣಗೆರೆಗೆ ವಾಪಸ್ಸು ಬಂದು ನೋಡುತ್ತಲೇ ಇದ್ದೆವು. ನಾವು ಹೋಗುವ ಮೊದಲೇ ಆ ಮನೆ ಅವರ ತಂಗಿಯ ಮಗನಿಗೆ ಹೋಗಿತ್ತೆಂದು ಬಹಳ ತಡವಾಗಿ ತಿಳಿಯಿತು. ಇಲ್ಲ ಎಂದು ಮುಖದ ಮೇಲೆ ಹೇಳಲು ಪಾಪ ಆ ಮನುಷ್ಯನಿಗೆ ನಾಲಗೆ ಬಂದಿರಲಿಲ್ಲ. ಹೊಸನಗರದಲ್ಲಿ ಇನ್ನೊಬ್ಬರು "ಅಡ್ಡಿಲ್ಲ, ಮೇಲಿನ ಮಹಡಿ ನಿಮಗೇ" ಎಂದು ಕೂಡಲೇ ಒಪ್ಪಿದರು. ನಮ್ಮವರು ಖುಷಿಯಿಂದ ಮಹಡಿ ನೋಡಲು ಎದ್ದರು. ಅವರು ನಮ್ಮನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, ಹೆಂಚಿನ ಮೇಲಿನ ಆಕಾಶಕ್ಕೆ ಕೈ ತೋರಿಸಿ, "ಮಳೆಗಾಲ ಮುಗೀಲಿ, ಕಟ್ಟಿಸ್ತೀನಿ" ಅಂದರು.

ಕೊನೆಗೆ ಸಾಗರದಲ್ಲಿ ಗೌರಕ್ಕನ ಮನೆ ಸಿಕ್ಕಿತು. ಕೆಳಗೆ ಅವರು, ಮೇಲೆ ನಾವು. ಗೌರಕ್ಕ ಅಂದರೆ ನನಗಿಂತ ಸ್ವಲ್ಪ ದೊಡ್ಡವರು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇರುವವರು, ತುಮರಿಯ ಕಡೆ ತೋಟವಿದ್ದ ಮನೆಯಲ್ಲಿ ಹುಟ್ಟಿದವರು. ಬೆಲ್ಲ ನೀರು ಅವರೂ ಕೊಟ್ಟರು. ಆದರೆ ಲೋಟ ಕೆಳಗಿಡುವ ಮೊದಲೇ, "ಬಾಡಿಗೆ ಇಷ್ಟು. ನೀರು ಬೆಳಿಗ್ಗೆ ಮಾತ್ರ ಬರ್ತದೆ. ಮೆಟ್ಲು ಮಳೇಲಿ ಜಾರ್ತದೆ, ಬಿದ್ರೆ ನನ್ನ ಕೇಳೋ ಹಾಗಿಲ್ಲ. ಬೇಕಾದ್ರೆ ಬನ್ನಿ" ಅಂದರು. ಆ ಮೂರೂ ಊರು ತಿರುಗಿ ಸುಸ್ತಾಗಿದ್ದ ನನಗೆ ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು.

ಬಂದ ಹೊಸದರಲ್ಲಿ ನಮ್ಮವರು ಸಂಸ್ಕೃತಿಯನ್ನು ಒಂದು ಕೈ ನೋಡಿಯೇ ಬಿಟ್ಟರು. ಇಕ್ಕೇರಿಗೆ ಹೋಗಿ ಬಂದು, ಗಾಡಿ ನಿಲ್ಲಿಸಲು ಒಳ್ಳೆಯ ನೆರಳಿದೆ ಅಂದರು. ಕವಲೇದುರ್ಗಕ್ಕೆ ಹೊರಟೆವು, ಕೋಟೆಯ ಮೊದಲನೇ ಬಾಗಿಲ ಹತ್ತಿರ ಮೊಬೈಲಿನ ಸಿಗ್ನಲ್ ಹೋಯಿತು. ಅಂಥ ಜಾಗದಲ್ಲಿ ಅರಸರು ಹೇಗೆ ರಾಜ್ಯಭಾರ ಮಾಡಿದರೋ ಎಂದು ಅಚ್ಚರಿಪಟ್ಟು ಅಲ್ಲಿಂದಲೇ ಇಳಿದರು. ಗಂಧದ ಕೆತ್ತನೆಯ ಅಂಗಡಿಯಲ್ಲಿ ಅಂಗೈಯಗಲದ ಆನೆಯ ಬೆಲೆ ಕೇಳಿ, ನೋಡುವಾ ಅಂದರು. ಊರಿನ ಭಾಷೆ ಅವರಿಗೆ ಬಂದದ್ದು ಅದೊಂದೇ ಮಾತು. ಮತ್ತೆ ಮಂಚದ ಮೇಲೆ ಮಲಗಿ, ಕಿಟಕಿಯಾಚೆ ಇದ್ದ ಊರಿನ ಬಗ್ಗೆಯೇ ಮೊಬೈಲಿನಲ್ಲಿ ವಿಡಿಯೋ ನೋಡತೊಡಗಿದರು.

ನನ್ನ ಕಷ್ಟ ಬೇರೆಯದು. ನನಗೆ ಕಲೆ ಬೇಕಿರಲಿಲ್ಲ, ಜನ ಬೇಕಿತ್ತು. ಜನರೇನೋ ಬೇಕಾದಷ್ಟಿದ್ದರು, ಎಲ್ಲರೂ ಒಳ್ಳೆಯವರೇ. ಆದರೆ ಅವರು ಹೇಳುವುದನ್ನು ನಾನು ಅಕ್ಷರಶಃ ನಂಬಿಬಿಡುತ್ತಿದ್ದೆ. ಬೆಳಗಿನ ವಾಕಿಂಗಿನಲ್ಲಿ ಪರಿಚಯವಾದ ಒಬ್ಬರು ಮಾತು ಮುಗಿಸುತ್ತ, "ಬನ್ನಿ ಮನೆಗೆ ಒಂದ್ಸಲ" ಅಂದರು. ಆಯ್ತು ಬಿಡ್ರಿ ಅಂದು ಅವತ್ತು ಸಂಜೆಯೇ ಬಾಳೆಹಣ್ಣು ತೆಗೆದುಕೊಂಡು ಹೋದೆ. ಮನೆಯವರು ಬಾಗಿಲು ತೆರೆದು ನನ್ನನ್ನು ನೋಡಿ, ಒಳಗೆ ಹೋಗಿ ಗುಸುಗುಸು ಮಾತಾಡಿ, ಆಮೇಲೆ ನಗುತ್ತ ಬಂದು ತೆಳ್ಳೇವು, ಅಂದರೆ ಈ ಕಡೆಯ ತೆಳು ದೋಸೆ, ಹೊಯ್ದು ಕೊಟ್ಟರು. "ಇನ್ನೆರಡು ಹಾಕ್ಲಾ?" ಅಂದರು. ಹಾಕ್ರಿ ಅಂದೆ. ಅವರು ಕೇಳಿದಷ್ಟು ಸಲವೂ ಹಾಕ್ರಿ ಅಂದೆ. ಕೊನೆಗೆ ಒಳಗೆ ಹಿಟ್ಟಿನ ಪಾತ್ರೆ ಕೆರೆಯುವ ಸದ್ದು ಕೇಳಿಸಿತು. ನಮ್ಮೂರಲ್ಲಿ ಹೊಟ್ಟೆ ತುಂಬ ತಿಂದರೆ ಮನೆಯವರಿಗೆ ಸಂತೋಷ. ನಾನೂ ಸಂತೋಷಪಡಿಸಿದೆ ಅಂದುಕೊಂಡೇ ಬಂದೆ.

ಸುದ್ದಿ ನನಗಿಂತ ಮೊದಲೇ ಗೌರಕ್ಕನ ಮನೆ ತಲುಪಿತ್ತು. ಅವರು ಮೆಟ್ಟುಗತ್ತಿಯ ಮುಂದೆ ಕೂತು ಹಲಸಿನಕಾಯಿ ಹೆಚ್ಚುತ್ತಿದ್ದರು. ನನ್ನನ್ನು ನೋಡಿ ಕತ್ತಿ ಮಡಚಿಟ್ಟು ನಕ್ಕರು, ನಕ್ಕು ಕಣ್ಣೊರೆಸಿಕೊಂಡರು.

"ಅಲ್ಲಾ ಗಿರಿಜಾ, ಅವರ ಮನೆ ನಾಳೆ ಬೆಳಗಿನ ತಿಂಡಿನೂ ತಿಂದು ಬಂದ್ಯಂತೆ?"

"ಅವ್ರೇ ಕೇಳಿದ್ರು ಗೌರಕ್ಕ."

"ಕೇಳದೆ ಇರ್ತಾರಾ? ಕೇಳದು ಅವರ ಧರ್ಮ. ನೀನು ಮೊದ್ಲು ಬೇಡ ಅನ್ಬೇಕು. ಮತ್ತೆ ಕೇಳ್ತಾರೆ, ಆಗ್ಲೂ ಬೇಡ ಅನ್ಬೇಕು. ಅಷ್ಟಾದ ಮೇಲೂ ಬಿಡದೆ ಒತ್ತಾಯ ಮಾಡಿದ್ರೆ, 'ನೀವು ಇಷ್ಟೆಲ್ಲ ಹೇಳಿದ ಮೇಲೆ' ಅಂತ ತಗಳದು. ಆಗ ಕೊಟ್ಟವರಿಗೂ ಮರ್ಯಾದೆ, ತಗಂಡವರಿಗೂ ಮರ್ಯಾದೆ."

"ಹಸಿವಾಗಿದ್ರೆ?"

"ಹಸಿವಾಗಿದ್ರೂ ಅಷ್ಟೆಯ."

ಅವತ್ತಿನಿಂದ ನಾನು ಅವರ ಅಡಿಗೆಮನೆಯ ಮಣೆಯ ಮೇಲೆ ಕೂತು ಪಾಠ ಕಲಿತೆ. ಗೌರಕ್ಕ ಬೇಕೆಂತಲೇ ಕಾಫಿ ಹಿಡಿದು ಕೇಳುವರು, ನಾನು ಬೇಡ ಅನ್ನುವೆ. ಮತ್ತೆ ಕೇಳುವರು, ಮತ್ತೆ ಬೇಡ ಅನ್ನುವೆ. ಅಷ್ಟರಲ್ಲಿ ಕಾಫಿ ಆರುತ್ತಿತ್ತು. ಕಲಿತದ್ದನ್ನು ಹೊರಗೂ ಪ್ರಯೋಗಿಸಿದೆ. ಶಿವಮೊಗ್ಗದ ಬಸ್ಸಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಎದ್ದು ಸೀಟು ಕೊಟ್ಟಳು. ಬೇಡಮ್ಮ ಅಂದೆ. ಅವಳು ಎರಡನೇ ಸಲ ಕೇಳದೆ ಕೂತುಬಿಟ್ಟಳು. ಆನಂದಪುರದವರೆಗೆ ಕಂಬ ಹಿಡಿದು ನಿಂತೇ ಹೋದೆ. ಈಗಿನ ಮಕ್ಕಳಿಗೆ ಉಪಚಾರ ಗೊತ್ತಿಲ್ಲ ಎಂದು ಗೌರಕ್ಕ ನನ್ನ ಪರವಾಗಿ ಬೇಸರಪಟ್ಟರು.

ನಿಜ ಹೇಳಬೇಕೆಂದರೆ, ಈ ಊರಿನಲ್ಲಿ ನನಗೆ ದಕ್ಕಿದ್ದು ಆ ಅಡಿಗೆಮನೆಯೊಂದೇ. ದಾವಣಗೆರೆಯಲ್ಲಿ ನನಗೆ ಗೊತ್ತಿದ್ದ ಜನ ನೂರಾರು, ಅವರೆಲ್ಲರ ದೂರು ನಾನು ಕೇಳಿದ್ದೆ. ನನ್ನ ದೂರು ಕೇಳಿದವರು ಯಾರೂ ಇರಲಿಲ್ಲ. ಗೌರಕ್ಕ ಕೇಳಿದರು. ತಂಗಿಗೆ ಕೊಟ್ಟ ಮಿರ್ಚಿಯಿಂದ ಹಿಡಿದು ನಮ್ಮವರ ಗೊರಕೆಯವರೆಗೆ ಎಲ್ಲವನ್ನೂ ಹಲಸಿನ ತೊಳೆ ಬಿಡಿಸುತ್ತ ಕೇಳಿ, ಎಲ್ಲಿ ಬೈಯಬೇಕೋ ಅಲ್ಲಿ ಬೈದರು.

ಗೌರಕ್ಕನಿಗೆ ಒಂದು ಹುಚ್ಚಿತ್ತು, ತಾಳಮದ್ದಳೆಯ ಹುಚ್ಚು. ಈ ಕಡೆಯವರಲ್ಲದವರಿಗಾಗಿ ಹೇಳುತ್ತೇನೆ: ಯಕ್ಷಗಾನದಿಂದ ವೇಷವನ್ನೂ ಕುಣಿತವನ್ನೂ ತೆಗೆದರೆ ಉಳಿಯುವುದು ಇದು. ಭಾಗವತರು ಪದ ಹಾಡುತ್ತಾರೆ, ಮದ್ದಳೆ ನುಡಿಯುತ್ತದೆ, ಪಾತ್ರ ವಹಿಸಿದವರು ಕೂತಲ್ಲೇ ಮಾತಿಗೆ ಮಾತು ಕೊಡುತ್ತಾರೆ. ಮಾತು ಯಾರೂ ಬರೆದುಕೊಟ್ಟದ್ದಲ್ಲ, ಅಲ್ಲೇ ಹುಟ್ಟಬೇಕು. ಕಥೆ ಹೇಗೆ ಮುಗಿಯುತ್ತದೆಂದು ಮುಂದೆ ಕೂತ ಕೂಸಿಗೂ ಗೊತ್ತಿರುತ್ತದೆ. ಅಲ್ಲಿಗೆ ಯಾರು ಎಷ್ಟು ಚೆನ್ನಾಗಿ ವಾದ ಮಾಡಿಕೊಂಡು ಹೋಗುತ್ತಾರೆ ಎಂಬುದೇ ಸ್ವಾರಸ್ಯ. ಗೌರಕ್ಕ ಊರಿನ ಹೆಂಗಸರನ್ನು ಸೇರಿಸಿ ಒಂದು ಕೂಟ ಕಟ್ಟಿದ್ದರು. ಆದರೆ ತುಮರಿಯಲ್ಲಿದ್ದ ಅವರ ಅಣ್ಣಯ್ಯ, ಸ್ವತಃ ದೊಡ್ಡ ಮಾತುಗಾರರು, ಒಮ್ಮೆಯೂ ಕೇಳಲು ಬಂದಿರಲಿಲ್ಲ. ಹೆಂಗಸರು ಭಕ್ತಿಯ ಮಾತಾಡಲಿ, ಯುದ್ಧದ ಮಾತು ಅವರ ಗಂಟಲಿಗೆ ಹೊಂದುವುದಿಲ್ಲ ಎಂಬುದು ಅವರ ತೀರ್ಪು. ಚಿಕ್ಕಂದಿನಲ್ಲಿ ಅಣ್ಣಯ್ಯ ಅಭ್ಯಾಸ ಮಾಡುವಾಗ ಬಾಗಿಲ ಹಿಂದೆ ನಿಂತು ಕೇಳಿ ಕಲಿತವರು ಗೌರಕ್ಕ. ಆ ವರ್ಷ ಏನಾಯಿತೋ, ಅಣ್ಣಯ್ಯ ಬರುತ್ತೇನೆ ಎಂದು ಮಾತು ಕೊಟ್ಟರು.

ಗೌರಕ್ಕ ಮಳೆಗಾಲವಿಡೀ ತಯಾರಿ ನಡೆಸಿದರು. ಯಾಗದ ಕುದುರೆಯನ್ನು ಒಬ್ಬ ರಾಜ ಕಟ್ಟಿಹಾಕಿರುತ್ತಾನೆ. ಕುದುರೆ ಬಿಡಿಸಲು ಬಂದ ಸೇನಾಪತಿ ಒಳ್ಳೆಯ ಮಾತಿನಲ್ಲಿ ಕೇಳುತ್ತಾನೆ, ರಾಜ ಕೊಡುವುದಿಲ್ಲ. ಆಗ ಸೇನಾಪತಿ ಸಿಡಿದೆದ್ದು ಯುದ್ಧಕ್ಕೆ ಕರೆಯುತ್ತಾನೆ. ಸೇನಾಪತಿ ಗೌರಕ್ಕ. ಆ ಯುದ್ಧದ ಮಾತನ್ನು ಅವರು ಪಾತ್ರೆ ತೊಳೆಯುತ್ತ, ಬಟ್ಟೆ ಹಿಂಡುತ್ತ ಹೇಳಿಕೊಳ್ಳುವುದು ಮೇಲಿನ ಮಹಡಿಗೂ ಕೇಳಿಸುತ್ತಿತ್ತು. ಹಾಲಿನವನು ಒಂದು ದಿನ ಹೆದರಿ ಹಾಲನ್ನು ಗೇಟಿನ ಹತ್ತಿರವೇ ಇಟ್ಟು ಹೋದ.

ಇನ್ನೇನು ದಿನ ಬಂತು ಅನ್ನುವಾಗ ರಾಜನ ಪಾತ್ರದ ಹೆಂಗಸು ಮಗಳ ಬಾಣಂತನಕ್ಕೆ ಹೋಗಬೇಕಾಯಿತು. ಗೌರಕ್ಕ ಮೆಟ್ಟಿಲು ಹತ್ತಿ ಬಂದು, "ಗಿರಿಜಾ, ನೀನೇ ಕೂತ್ಕ. ನಿಂಗೆ ಹೆಚ್ಚು ಮಾತಿಲ್ಲ. ಕೊಡೋದಿಲ್ಲ ಅಂದ್ರಾಯ್ತು" ಅಂದರು. ಆಯ್ತು ಬಿಡ್ರಿ ಅಂದೆ. ನಮ್ಮವರು ಮೊಬೈಲು ಪಕ್ಕಕ್ಕಿಟ್ಟು, ನಮ್ಮ ಮನೆತನದಲ್ಲಿ ಕಲೆ ಮೊದಲಿಂದಲೂ ಇದೆ ಅಂದರು.

ಭಾನುವಾರ ಮಧ್ಯಾಹ್ನ, ದೇವಸ್ಥಾನದ ಪಕ್ಕದ ಸಭಾಂಗಣ. ಮುಂದಿನ ಸಾಲಿನಲ್ಲಿ ಅಣ್ಣಯ್ಯ, ಬಾಯಲ್ಲಿ ಎಲೆಯಡಿಕೆಯ ಕವಳ, ಕೈ ಕಟ್ಟಿಕೊಂಡು ಕೂತಿದ್ದರು. ಹಿಂದೆ ಅವಲಕ್ಕಿ ಕಲೆಸಲು ಇಬ್ಬರು ತಯಾರಾಗುತ್ತಿದ್ದರು. ಭಾಗವತರು ಪದ ಎತ್ತಿದರು.

ಗೌರಕ್ಕ ಶುರುಮಾಡಿದರು. "ಮಹಾರಾಜಾ, ಇದು ಯಾಗದ ಕುದುರೆ. ತಿಳಿಯದೆ ಕಟ್ಟಿದ್ದೀಯೆ. ತಿಳಿದ ಮೇಲೆ ಬಿಡುವುದು ನಿನಗೆ ಶೋಭೆ."

"ಕೊಡುವುದಿಲ್ಲ" ಅಂದೆ. ಕೌಂಟರಿನಲ್ಲಿ ಪಳಗಿದ ಗಂಟಲು, ಮೈಕೇ ಬೇಕಿರಲಿಲ್ಲ. ಸಭೆಯಲ್ಲಿ ಯಾರೋ ಭೇಷ್ ಅಂದರು.

ಗೌರಕ್ಕ ಮತ್ತೆ ಕೇಳಿದರು. ಊರು ಮನೆ ಬಿಟ್ಟು ಬಂದ ಸೈನಿಕರ ದಣಿವು ಹೇಳಿದರು, ಕುದುರೆಯ ಬಾಯಾರಿಕೆ ಹೇಳಿದರು. ನನಗೆ ಕೇಳಿಯೇ ಸಂಕಟವಾಯಿತು. ಆದರೂ ಕೊಡುವುದಿಲ್ಲ ಅಂದೆ. ಅಣ್ಣಯ್ಯ ಕಟ್ಟಿದ ಕೈ ಬಿಚ್ಚಿ ಸ್ವಲ್ಪ ಮುಂದಕ್ಕೆ ಬಾಗಿದರು.

ಮೂರನೇ ಸಲ ಗೌರಕ್ಕ ದನಿಯನ್ನು ಎಷ್ಟು ಇಳಿಸಿದರೆಂದರೆ ಸಭೆಯಲ್ಲಿ ಕೆಮ್ಮುವವರೂ ಸುಮ್ಮನಾದರು. ಅಲ್ಲಿಂದ ಒಮ್ಮೆಲೇ ಮೇಲೆ ಹಾರಲು ಅವರು ಹಾಗೆ ಇಳಿಸಿದ್ದೆಂದು ನನಗೇನು ಗೊತ್ತು? ಎರಡೂ ಕೈ ಜೋಡಿಸಿ, ಕಣ್ಣಲ್ಲಿ ನೀರು ತಂದುಕೊಂಡು, "ಹಿರಿಯವನು ನೀನು. ಕೈ ಮುಗಿದು ಕೇಳುತ್ತಿದ್ದೇನೆ. ಬಿಟ್ಟುಕೊಡು ಮಹಾರಾಜಾ" ಅಂದರು.

ನಾನು ಬೇಡ ಎಂದದ್ದಾಗಿತ್ತು. ಮತ್ತೊಮ್ಮೆಯೂ ಅಂದದ್ದಾಗಿತ್ತು. ಅವರು ಬಿಡದೆ ಒತ್ತಾಯ ಮಾಡುತ್ತಿದ್ದರು. ಅಡಿಗೆಮನೆಯ ಮಣೆಯ ಮೇಲೆ ಕಲಿತದ್ದು ತಾನಾಗಿ ಬಾಯಿಗೆ ಬಂತು.

"ನೀವು ಇಷ್ಟೆಲ್ಲ ಹೇಳಿದ ಮೇಲೆ," ಅಂದೆ, "ತಗೊಂಡು ಹೋಗ್ರಿ."

ಭಾಗವತರ ಕೈಯಲ್ಲಿ ತಾಳ ಅರ್ಧಕ್ಕೇ ನಿಂತಿತು. ಮದ್ದಳೆಯವರು ನನ್ನ ಮುಖ ನೋಡಿದರು. ಗೌರಕ್ಕ ಸುಮ್ಮನೆ ಸೋಲುವವರಲ್ಲ, ಕಣ್ಣು ಕೆಂಪಗೆ ಮಾಡಿ, "ಹೆದರಿ ಕೊಡುವ ಕುದುರೆ ವೀರರಿಗೆ ಬೇಡ" ಎಂದು ಗುಡುಗಿದರು. ಅದು ನನಗೆ ದಾಟಲು ಅವರೇ ಹಾಕಿಕೊಟ್ಟ ಕಾಲುಸಂಕ. ಇನ್ನೊಬ್ಬರಾಗಿದ್ದರೆ, ಹೆದರಿಕೆಯಾ, ನನಗಾ, ಎಂದು ಮೀಸೆ ತಿರುವಿ ಯುದ್ಧಕ್ಕೆ ನಿಲ್ಲುತ್ತಿದ್ದರು. ನನಗೆ ಅವರ ಮನಸ್ಸಿಗೆ ನೋವಾಯಿತೇನೋ ಅನ್ನಿಸಿತು.

"ಹೆದರಿಕೆ ಏನಿಲ್ರಿ, ಪ್ರೀತಿಯಿಂದಾನೇ ಕೊಟ್ಟೀನಿ. ಊಟ ಮಾಡ್ಕೊಂಡೇ ಹೋಗ್ರಿ. ಸೈನಿಕ್ರೂ ದಣಿದು ಬಂದಾರ" ಅಂದೆ.

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಯುದ್ಧದ ಪದವನ್ನು ಗಂಟಲಲ್ಲೇ ನುಂಗಿ ಭಾಗವತರು ಮಂಗಳ ಹಾಡಿದರು. ಅವಲಕ್ಕಿಗೆ ಒಗ್ಗರಣೆಯೇ ಬಿದ್ದಿರಲಿಲ್ಲ. ಒಳಗಿನವರು ಗಾಬರಿಯಾಗಿ ಕಾಯಿ ತುರಿಯತೊಡಗಿದರು. ಹಲವರು ನನ್ನ ಹತ್ತಿರ ಬಂದು, ತಾಳಮದ್ದಳೆ ಕೇಳಿ ಬೆಳಕಿರುವಾಗಲೇ ಮನೆಗೆ ಹೋಗುತ್ತಿರುವುದು ಇದೇ ಮೊದಲು ಎಂದು ಕೈ ಕುಲುಕಿದರು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಣ್ಣಯ್ಯ. ಹೊರಡುವಾಗ ತಂಗಿಯ ಹತ್ತಿರ ಬಂದು, ತಮ್ಮ ಮನೆಮಾತಿನಲ್ಲಿ, "ಹೆಂಗಸ್ರ ಯುದ್ಧ ಹಿಂಗೇಯ ಮುಗಿತು ಹೇಳಿ ಎಂಗೆ ಮೊದ್ಲೇ ಗೊತ್ತಿತ್ತು ಗೌರಿ" ಅಂದರು, ಹೀಗಾಗುವುದು ತಮಗೆ ಮೊದಲೇ ತಿಳಿದಿತ್ತು ಎಂಬಂತೆ. ಗೌರಕ್ಕ ನಕ್ಕರು. ಆ ನಗು ನೋಡಿ ನನಗೆ ಅವಲಕ್ಕಿ ಇಳಿಯಲಿಲ್ಲ.

ಮರುದಿನ ಅವರು ಬಾಯಿಗೆ ಬಂದಂತೆ ಬೈಯುತ್ತಾರೆ, ಬೈಸಿಕೊಂಡು ಬರೋಣ ಎಂದು ಕೆಳಗಿಳಿದೆ. ನಮ್ಮೂರಲ್ಲಿ ಸಿಟ್ಟು ಬಂದರೆ ಬೀದಿಗೆಲ್ಲ ಕೇಳಿಸುವಂತೆ ಬೈದು, ಸಂಜೆಗೆ ಸಾರು ಕೊಟ್ಟು ಕಳಿಸುತ್ತಾರೆ. ಇಲ್ಲಿ ಹಾಗಲ್ಲ. ಇಲ್ಲಿ ಸಿಟ್ಟು ಬಂದರೆ ಮರ್ಯಾದೆ ಜಾಸ್ತಿ ಮಾಡುತ್ತಾರೆ. ಗೌರಕ್ಕ ಬಾಗಿಲಿಗೇ ಎದುರು ಬಂದು, "ಬನ್ನಿ ಬನ್ನಿ, ಕೂತ್ಕಳಿ" ಎಂದು ಹೊರಗಿನ ಪಡಸಾಲೆಯಲ್ಲಿ ಕುರ್ಚಿ ಹಾಕಿದರು. ಅಡಿಗೆಮನೆಯ ಮಣೆ ನನಗಿನ್ನು ಇಲ್ಲ ಎಂದು ಅಲ್ಲೇ ತಿಳಿಯಿತು. ಬೆಳ್ಳಿ ಲೋಟದಲ್ಲಿ ಕಾಫಿ ತಂದರು. "ನೀವು ಹೇಗಿದ್ದೀರಿ? ಯಜಮಾನ್ರು ಆರಾಮಾ?" ಎಂದು ವಿಚಾರಿಸಿದರು. ನಾನು ತಪ್ಪಾಯ್ತು ಎಂದು ಬಾಯಿ ತೆರೆದರೆ, "ಛೇ ಛೇ, ಎಂತದೂ ಇಲ್ಲ. ಚೆನ್ನಾಗೇ ಆಯ್ತು" ಎಂದು ಕೋಡುಬಳೆಯ ತಟ್ಟೆ ಮುಂದಿಟ್ಟರು. ದಿನ ಕಳೆದ ಹಾಗೆ ಉಪಚಾರ ಏರುತ್ತಲೇ ಹೋಯಿತು. ಬೆಳ್ಳಿ ಲೋಟದ ಜೊತೆಗೆ ಬೆಳ್ಳಿ ತಟ್ಟೆ ಬಂತು. ಒಂದು ದಿನ ಹೊರಡುವಾಗ ಕುಂಕುಮ ಕೊಟ್ಟು ಗೇಟಿನವರೆಗೆ ಕಳಿಸಲು ಬಂದರು. ನಾನು ಹೋಗಬೇಕಾದದ್ದು ಮೇಲಿನ ಮಹಡಿಗೆ. ನಮ್ಮವರು ಬಾಲ್ಕನಿಯಿಂದ ನೋಡಿ, "ನಿನಗ ಎಷ್ಟು ಗೌರವ ಕೊಡ್ತಾರೆ ನೋಡು. ಇದಕ್ಕೇ ಅನ್ನೋದು ಸಂಸ್ಕೃತಿ ಅಂತ" ಅಂದರು. ನಾನು ಒಳಗೆ ಹೋಗಿ ಬಚ್ಚಲಿನ ನಲ್ಲಿ ಬಿಟ್ಟು ಅತ್ತೆ.

ಅದೇ ಹೊತ್ತಿಗೆ ನಮ್ಮವರ ಹಸಿವು ಸಂಸ್ಕೃತಿಯಿಂದ ಮತ್ತೆ ದೋಸೆಗೆ ತಿರುಗಿತ್ತು. ಮಾತಿನ ಮಧ್ಯೆ ಮಧ್ಯೆ ದಾವಣಗೆರೆಯ ಧೂಳಿನ ಬಗ್ಗೆಯೂ ಒಳ್ಳೆಯ ಮಾತಾಡತೊಡಗಿದರು. ಕೊನೆಗೆ, "ಈ ಊರಾಗೆ ಯಾರು ಏನಂತಾರೆ ಅಂತ ತಿಳಿಯಂಗಿಲ್ಲ. ವಾಪಸ್ ಹೋಗಾಣ" ಅಂದರು. ಆಯ್ತು ಬಿಡ್ರಿ ಅಂದೆ. ಅಂದ ಮೇಲೆ ಕೆಳಗಿನ ಅಡಿಗೆಮನೆಯ ಸದ್ದಿಗೆ ಕಿವಿಗೊಟ್ಟು ನಿಂತೆ. ಅವರು ಆಗಲೇ ಕೆಳಗಿಳಿದು ಗೌರಕ್ಕನಿಗೂ ಹೇಳಿ ಬಂದರು. ಗೌರಕ್ಕ, "ಅಡ್ಡಿಲ್ಲ, ನಿಮ್ಮ ಅನುಕೂಲ ನೋಡ್ಕಳಿ" ಅಂದರಂತೆ.

ಲಾರಿ ಬರುವ ದಿನ. ಮೇಲೆ ನಮ್ಮವರು ಪೆಟ್ಟಿಗೆಗಳಿಗೆ ಹಗ್ಗ ಬಿಗಿಯುತ್ತಿದ್ದರು. ನಾನು ಹೇಳಿ ಬರುತ್ತೇನೆಂದು ಕೆಳಗೆ ಬಂದೆ. ಕುರ್ಚಿ ಹಾಕಿಯೇ ಇತ್ತು. ಬೆಳ್ಳಿ ಲೋಟವೂ ಬಂತು. "ಹೋಗಿ ಬನ್ನಿ, ಒಳ್ಳೇದಾಗ್ಲಿ" ಎಂದು ಗೌರಕ್ಕ ಗೋಡೆಯ ಕಡೆ ನೋಡಿಕೊಂಡು ಹೇಳಿದರು.

ನಾನು ಕೂರಲಿಲ್ಲ. ನೆಟ್ಟಗೆ ಅಡಿಗೆಮನೆಗೆ ಹೋಗಿ, ಮಣೆ ಕಾಣದೆ, ನೆಲದ ಮೇಲೆಯೇ ಕೂತೆ. ಗೌರಕ್ಕ ಹಿಂದೆಯೇ ಬಂದರು.

"ಅಯ್ಯೋ, ಅಲ್ಲೆಂತಕ್ಕೆ? ಬನ್ನಿ, ಹೊರಗೆ ಕುರ್ಚಿ ಇದೆ."

"ಕುರ್ಚಿ ಬ್ಯಾಡ. ನಂಗ ಬೈದುಬಿಡ್ರಿ ಗೌರಕ್ಕ."

"ನಿಮ್ಮನ್ನ ಎಂತಕ್ಕೆ ಬೈಯಲಿ?"

"ಈ ನೀವು ನೀವು ಅನ್ನೋದು ಬಿಡ್ರಿ. ನಿಮ್ಮ ಬೆಳ್ಳಿ ಲೋಟ ನೋಡಿ ನೋಡಿ ನಂಗ ಸಾಕಾಗೈತಿ. ಈ ಊರಾಗೆ ನಂಗ ಇರೋರು ನೀವೊಬ್ರೇ. ನೀವೂ ಇಲ್ಲ ಅಂದ್ರೆ ನಾ ಯಾವೂರಾಗೆ ಇದ್ರೇನು?" ನನಗೆ ಅಳು ತಡೆಯಲಾಗಲಿಲ್ಲ.

ಗೌರಕ್ಕ ಕೈಯಲ್ಲಿದ್ದ ಲೋಟವನ್ನು ಕಟ್ಟೆಯ ಮೇಲೆ ಕುಕ್ಕಿದರು, ಕಾಫಿಯೆಲ್ಲ ಚೆಲ್ಲಿತು. "ಬೈಯದೆ ಎಂತ ಮಾಡ್ಲಿ ನಿನ್ನ? ಮಳೆಗಾಲ ಪೂರ್ತಿ ಕಟ್ಟಿದ ಮಾತು! ಚಿಕ್ಕಂದಿಂದ ಬಾಗಿಲ ಹಿಂದೆ ನಿಂತು ಕಲಿತ ಮಾತು. ಅಣ್ಣಯ್ಯ ಎದುರಿಗೇ ಕೂತಿದ್ದ. ಒಂದು ಸಲ, ಒಂದೇ ಒಂದು ಸಲ ಅವ ನನ್ನ ಮಾತು ಕೇಳ್ತಿದ್ದ. ನೀನು ಅವನೆದುರು ನಂಗೆ ಊಟ ಮಾಡ್ಕಂಡು ಹೋಗಿ ಅಂತೀಯಲೆ!"

"ಕಲಿಸಿದೋರು ಯಾರು? ನೀವೇ ಅಲ್ಲೇನು?"

"ಊಟಕ್ಕೆ ಕಲಿಸಿದ್ದು ಮಾರಾಯ್ತಿ, ಯುದ್ಧಕ್ಕಲ್ಲ!"

"ಹಂಗಂತ ಹೇಳಬೇಕಿತ್ತು. ನಮ್ಮ ಕಡೆ ಎರಡಕ್ಕೂ ಒಂದೇ ಮಾತು ಇರತೈತಿ."

ನಾನು ಜೀವನದಲ್ಲಿ ಮೊದಲ ಸಲ ಎದುರು ಮಾತಾಡುತ್ತಿದ್ದೆ, ಅದೂ ಗೌರಕ್ಕನಂಥ ಮಾತುಗಾರ್ತಿಗೆ. ಅವರು ಒಂದು ಅಂದರೆ ನಾನು ಎರಡು ಅಂದೆ. ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ಬೈಯುತ್ತ ಬೈಯುತ್ತಲೇ ಗೌರಕ್ಕ ಬಾಗಿಲ ಹಿಂದೆ ಸರಿಸಿಟ್ಟಿದ್ದ ಮಣೆಯನ್ನು ಕಾಲಿಂದ ನನ್ನ ಕಡೆ ತಳ್ಳಿದರು, ನಾನೂ ಬೈಯುತ್ತಲೇ ಎಳೆದುಕೊಂಡು ಕೂತೆ. ಒಂದು ಹಂತದಲ್ಲಿ ಅವರೂ ಅಳುತ್ತಿದ್ದರು. ಸೆರಗಿನಿಂದ ತಮ್ಮ ಮೂಗು ಒರೆಸಿಕೊಂಡು, ಅದೇ ಸೆರಗಿನಿಂದ ನನ್ನ ಮುಖವನ್ನೂ ಒರಟಾಗಿ ಒರೆಸಿದರು.

ಅಷ್ಟರಲ್ಲಿ ನಮ್ಮವರು ಹಗ್ಗದ ತುಂಡು ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದರು. ಗಲಾಟೆ ಕೇಳಿ ಅವರಿಗೆ ಗಾಬರಿಯಾಗಿತ್ತು. "ಗಿರಿಜಾ, ಲಾರಿ ಬಂತು. ಹೊತ್ತಾಗತೈತಿ, ನಡಿ" ಅಂದರು.

ನಾನು ಬಾಯಿ ತೆರೆದೆ. ಅದರಿಂದ ಏನು ಹೊರಡುತ್ತಿತ್ತೆಂದು ನಿಮಗೂ ಗೊತ್ತು. ಅಷ್ಟರೊಳಗೆ ಗೌರಕ್ಕ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡು, ಅಡ್ಡ ನಿಂತು, ನಮ್ಮವರ ಮುಖ ನೋಡಿ ಹೇಳಿದರು:

"ಗಿರಿಜಾ ಎಲ್ಲಿಗೂ ಬತ್ತಿಲ್ಲೆ."

ಎಲ್ಲಿಗೂ ಬರುವುದಿಲ್ಲ ಎಂದು ಅವರು ಅಂದದ್ದು, ನಮ್ಮವರಿಗೆ ಆ ಮನೆಮಾತು ತಿಳಿಯಲಿಲ್ಲ. "ಏನಂತಾರೆ?" ಎಂದು ನನ್ನನ್ನು ಕೇಳಿದರು.

"ನನ್ನನ್ನ ಕೊಡೋದಿಲ್ಲ ಅಂತಾರೆ" ಅಂದೆ. ಈ ಅರವತ್ತು ವರ್ಷದಲ್ಲಿ ಯಾರೂ ಹಾಗೆ ಅಂದಿರಲಿಲ್ಲ.